ಬೆನ್ನು ಮಾತ್ರ ಕಂಡವರ ಮನೆ

ಸತ್ಯಶೋಧನೆಗಿಂತ ದೊಡ್ಡ ವ್ರತ ಮನುಷ್ಯನಿಗೆ ಇನ್ನೊಂದಿಲ್ಲ. ಅದನ್ನು ಕೈಗೊಂಡವನು ಸುಖವನ್ನು, ಬಂಧುಗಳನ್ನು, ಕೊನೆಗೆ ತನ್ನನ್ನೇ ಮರೆಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಈ ವ್ರತವನ್ನು ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಆಚರಿಸುತ್ತಿದ್ದರು. ನಡುವೆ ಮೀನಿನವಳು ಬಂದರೆ ಹತ್ತು ನಿಮಿಷ ಬಿಡುವು. ಮಂಗಳೂರಿನ ಜೆಪ್ಪು ಎಂಬಲ್ಲಿದ್ದ ಆ ಹೆಂಚಿನ ಮನೆಯ ಕಂಪೌಂಡ್ ಗೋಡೆಯ ಮೇಲೆ ಒಂದಾಳು ಉದ್ದದ ಬೋರ್ಡ್ ಇತ್ತು. ‘ಖಾಸಗಿ ಪತ್ತೇದಾರಿ ಸಂಸ್ಥೆ. ಗುಪ್ತವಾಗಿ ವಿಚಾರಿಸಿ ತಿಳಿಸಲಾಗುವುದು’ ಎಂದು ಅದರಲ್ಲಿ ಕೆಂಪು ಬಣ್ಣದಲ್ಲಿ, ಎದುರಿನ ಬಸ್ಸಿನಿಂದಲೂ ಓದಲಾಗುವ ಹಾಗೆ ಬರೆಸಿದ್ದರು. ಸಿಟಿ ಬಸ್ಸಿನ ಕಂಡಕ್ಟರರು ನಮ್ಮ ಸ್ಟಾಪು ಬಂದಾಗ “ಸಿಐಡಿ ಮನೆ ಇಳಿಯುವವರು ಬನ್ನಿ” ಎಂದು ಕೂಗುತ್ತಿದ್ದರು. ಇಷ್ಟು ಪ್ರಸಿದ್ಧವಾದ ಗುಪ್ತತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪನ ಕಡೆಯವರಿಗೆ ಒಂದು ಕಾಲದಲ್ಲಿ ಗದ್ದೆಗಳಿದ್ದವಂತೆ. ಗದ್ದೆಗಳು ಹೋದ ಮೇಲೆ ಅವರಲ್ಲಿ ಉಳಿದದ್ದು ಊರಿನವರ ವಿಷಯವೆಲ್ಲ ತಮಗೆ ಗೊತ್ತಿರಬೇಕೆಂಬ ಹಕ್ಕಿನ ಭಾವನೆ ಮಾತ್ರ. ಉಳಿದ ದಾಯಾದಿಗಳು ಹೋಟೆಲು ತೆರೆದು ಊರಿಗೆ ಚಾ ಕೊಟ್ಟರು. ಅಪ್ಪ ಈ ಅಂಗಡಿ ತೆರೆದರು.

ಪತ್ತೇದಾರಿಕೆ ಎಂದೊಡನೆ ಓದುಗರ ಕಣ್ಣ ಮುಂದೆ ಕೊಲೆ, ವಜ್ರ, ಕತ್ತಲು ಬರುತ್ತವೆ. ಅಪ್ಪನಿಗೂ ಬರುತ್ತಿತ್ತು. ಒಂದು ಕೊಲೆಯನ್ನಾದರೂ ಪತ್ತೆ ಮಾಡಬೇಕೆಂದು ಜೀವಮಾನವಿಡೀ ಕಾದರು, ಮಂಗಳೂರಿನವರು ಸಹಕರಿಸಲಿಲ್ಲ. ಬಂದದ್ದೆಲ್ಲ ಮದುವೆಯ ವಿಚಾರಣೆ. ಹುಡುಗ ಕುಡಿಯುತ್ತಾನಾ, ಹುಡುಗಿಯ ತಾಯಿ ಬಜಾರಿಯಾ, ಹೇಳಿದ ಕೆಲಸ ನಿಜವಾಗಿ ಉಂಟಾ, ಮನೆಯಲ್ಲಿ ಯಾರಿಗಾದರೂ ಬಿಳಿ ತೊನ್ನು ಉಂಟಾ. ಇಂಥವನ್ನು ನೆರೆಕರೆಯಲ್ಲಿ ಕೇಳಿ, ಎರಡು ಪುಟದ ರಿಪೋರ್ಟು ಮಾಡಿ, ಕವರಿಗೆ ಅರಗಿನ ಮುದ್ರೆ ಒತ್ತಿ ಕಳಿಸುವುದು ನಮ್ಮ ಅನ್ನದ ದಾರಿ. ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು. ಆದರೆ ಏಜೆನ್ಸಿಯ ವಿಷಯ ಬಂದ ಕೂಡಲೇ ಅಪ್ಪ ಕನ್ನಡಕ್ಕೆ ಬದಲಾಗುತ್ತಿದ್ದರು. ತುಳುವಿನಲ್ಲಿ ಹೇಳಿದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ ಎಂಬುದು ಅವರ ಸಂಶೋಧನೆ. ಹಾಗಾಗಿ ಊಟದ ನಡುವೆ ಅಪ್ಪ ಕನ್ನಡದಲ್ಲಿ ಗಂಟಲು ಸರಿಮಾಡಿಕೊಂಡರೆ ನಾವೆಲ್ಲ ಬಂಗುಡೆಯ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ನೆಟ್ಟಗೆ ಕೂರಬೇಕಾಗಿತ್ತು.

ಮನೆಯ ಎದುರಿನ ಕೋಣೆ ಆಫೀಸು. ಅಲ್ಲಿ ಒಂದು ಸ್ಟೀಲಿನ ಕಪಾಟು, ಒಂದು ಟೈಪ್‌ರೈಟರು, ಅದರ ಹಿಂದೆ ನನ್ನ ಅಕ್ಕ ನಳಿನಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಊರಿನ ಹೆಣ್ಣುಮಕ್ಕಳ, ಗಂಡುಮಕ್ಕಳ ಕುಂದುಗಳನ್ನೆಲ್ಲ ದಿನಕ್ಕೆ ನಾಲ್ಕರಂತೆ, ಕಾರ್ಬನ್ ಹಾಳೆ ಇಟ್ಟು, ಮುಖದಲ್ಲಿ ಏನೂ ತೋರಿಸದೆ ಟೈಪು ಮಾಡುತ್ತಿದ್ದಳು. ಆ ಮನೆಯಲ್ಲಿ ಕೆಲಸ ಗೊತ್ತಿದ್ದದ್ದು ಅವಳೊಬ್ಬಳಿಗೆ. ನಡುವಿನ ಚಾವಡಿ ಅಮ್ಮನ ಶಾಖೆ. ಮೀನಿನವಳನ್ನು, ಹಾಲಿನವಳನ್ನು, ಬಟ್ಟೆ ಒಗೆಯುವವಳನ್ನು ಕೂರಿಸಿ, ಕೈಗೆ ಚಾ ಕೊಟ್ಟು, ಅವರ ಬಾಯಿಂದ ಜೆಪ್ಪಿನಿಂದ ಕುದ್ರೋಳಿವರೆಗಿನ ವಾರ್ತೆ ಹೊರಡಿಸುತ್ತಿದ್ದಳು. ಅಪ್ಪ ಇದನ್ನು ‘ಪ್ರಾಥಮಿಕ ಮಾಹಿತಿ’ ಎನ್ನುತ್ತಿದ್ದರು. ಬೇರೆ ಮನೆಗಳಲ್ಲಿ ಇದಕ್ಕೆ ಇನ್ನೊಂದು ಹೆಸರುಂಟು. ಹಿಂದಿನ ಜಗಲಿಯಲ್ಲಿ ವಿಠಲಮಾವ, ಅಮ್ಮನ ತಮ್ಮ, ಸಂಸ್ಥೆಯ ಏಕಮಾತ್ರ ಹಿಂಬಾಲಕ.

ವಿಠಲಮಾವನ ಶಾಸ್ತ್ರವನ್ನು ಇಲ್ಲಿ ವಿವರಿಸದೆ ವಿಧಿಯಿಲ್ಲ. ಮುಂದಿನ ಅನಾಹುತವೆಲ್ಲ ಅದರಿಂದಲೇ ಆದದ್ದು. ಅವರ ಪ್ರಕಾರ ಹಿಂಬಾಲಿಸುವವನು ಯಾರ ಮುಖವನ್ನೂ ನೋಡಬಾರದು. ನೀನು ಅವನ ಮುಖ ಕಂಡೆಯಾದರೆ ಅವನು ನಿನ್ನ ಮುಖ ಕಂಡ ಹಾಗೆಯೇ. ಅಲ್ಲಿಗೆ ಕೆಲಸ ಕೆಟ್ಟಿತು. ಆದ್ದರಿಂದ ನಮ್ಮ ಕಡತಗಳಲ್ಲಿದ್ದದ್ದೆಲ್ಲ ಬೆನ್ನುಗಳ ವರ್ಣನೆ: ಹೆಗಲಿನ ಅಗಲ, ಕಾಲರಿನ ಕೊಳೆ, ಹಿಮ್ಮಡಿ ಸವೆದ ಬದಿ, ನಡಿಗೆ. ಮಂಗಳೂರಿನ ಅರ್ಧದಷ್ಟು ಗಂಡಸರನ್ನು ವಿಠಲಮಾವ ಹಿಂದಿನಿಂದ ಗುರುತಿಸುತ್ತಿದ್ದರು. ಎದುರಿಗೆ ಬಂದರೆ ಸ್ವಂತ ಷಡ್ಡಕನನ್ನೂ “ಯಾರು, ಗೊತ್ತಾಗಲಿಲ್ಲ” ಎಂದು ಕೇಳುತ್ತಿದ್ದರು. ನನಗೆ ಹನ್ನೊಂದು ತುಂಬಿದಾಗ ನನ್ನಲ್ಲಿ ಪ್ರತಿಭೆ ಕಂಡು ಒಂದು ನೋಟುಬುಕ್ಕು ಕೊಟ್ಟರು. ನಾನು ಮೊದಲು ಕೋಳಿಗಳನ್ನು, ಆಮೇಲೆ ಎದುರು ಅಂಗಡಿಯ ಹಸನಾಕನನ್ನು, ಕೊನೆಗೆ ನಳಿನಕ್ಕನನ್ನು ಹಿಂಬಾಲಿಸಿ ಬರೆದಿಟ್ಟೆ. ನನ್ನನ್ನು ಈ ಪುಟಗಳಲ್ಲಿ ಬಚಾವು ಮಾಡುವ ಉದ್ದೇಶ ನನಗಿಲ್ಲ. ಆ ಮನೆಯಲ್ಲಿದ್ದ ಮೂರ್ಖರ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಕೊಳ್ಳಿ.

ಇನ್ನು ಸಂಸ್ಥೆಯ ಸಂವಿಧಾನ. ಪ್ರತಿ ರಿಪೋರ್ಟಿನ ಕೊನೆಗೆ ‘ಕೊರತೆ’ ಎಂಬ ಒಂದು ಸಾಲು ಇರುತ್ತಿತ್ತು, ಮತ್ತು ಆ ಸಾಲು ಖಾಲಿ ಇರಕೂಡದು. ಕೊರತೆಯಿಲ್ಲದ ರಿಪೋರ್ಟನ್ನು ಯಾರೂ ನಂಬುವುದಿಲ್ಲ, ಎದುರು ಪಕ್ಷದವರ ಮನೆಯಲ್ಲಿ ಊಟ ಮಾಡಿ ಬಂದು ಬರೆದಿದ್ದಾರೆ ಎನ್ನುತ್ತಾರೆ ಎಂದು ಅಪ್ಪನ ವಾದ. ದೇವರಂಥ ಹುಡುಗನಿಗೂ ಅವರು ಒಂದು ಕೊರತೆ ಹುಡುಕುತ್ತಿದ್ದರು. ‘ಬೇಗ ಶೀತವಾಗುತ್ತದೆ.’ ‘ತಂಗಿಯ ಮೇಲೆ ಅತಿಯಾದ ಅಕ್ಕರೆ.’ ಎಷ್ಟು ಮದುವೆಗಳು ಆ ಒಂದು ಸಾಲಿನಿಂದ ನಿಂತವೋ ಗೊತ್ತಿಲ್ಲ. ಅಪ್ಪ ಅದನ್ನು ಪತ್ತೆ ಮಾಡಲಿಲ್ಲ.

ಆ ವರ್ಷ ನಳಿನಕ್ಕನಿಗೆ ಒಂದು ಸಂಬಂಧ ಬಂತು. ತಂದವರು ಶಕ್ತಿನಗರದ ಒಬ್ಬ ಹೆಂಗಸು. ಹುಡುಗ ಅವರ ಅಣ್ಣನ ಮಗ, ಹೆಸರು ಜಯಪ್ರಕಾಶ. ತಾಯಿ ಮುಂಬಯಿಯಲ್ಲಿ ಎರಡು ಹೋಟೆಲು ನಡೆಸುತ್ತಾರೆ, ಹುಡುಗ ಹಂಪನಕಟ್ಟೆಯಲ್ಲಿರುವ ಮೂರನೆಯದನ್ನು ನೋಡಿಕೊಳ್ಳುತ್ತಾನೆ. ಆ ಹೆಂಗಸು ಕೊಟ್ಟುಹೋದ ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಅಮ್ಮ ಚಾವಡಿಯ ಕ್ಯಾಲೆಂಡರಿನ ಸಂದಿಗೆ ಸಿಕ್ಕಿಸಿದಳು. ಹುಡುಗನನ್ನು ನಾವೂ ಸ್ವಲ್ಪ ವಿಚಾರಿಸಬೇಡವೇ ಎಂದು ಅಮ್ಮ ಕೇಳಿದಾಗ ಅಪ್ಪ, ಕೇಸು ಕೊಟ್ಟವರಿಲ್ಲದೆ ಸಂಸ್ಥೆ ಕೆಲಸ ಮಾಡುವ ಕ್ರಮವಿಲ್ಲ, ನಮಗೆ ನಾವೇ ಕೇಸು ಕೊಟ್ಟುಕೊಳ್ಳಲಾಗುವುದಿಲ್ಲ ಎಂದರು. ಯಾವುದಕ್ಕೂ ಆಸೆಪಡದ ನಳಿನಕ್ಕ ಆ ವಾರ ಟೈಪು ಮಾಡುತ್ತ ಗುನುಗುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಜಡೆ ಹೆಣೆಯುತ್ತ ಹೇಳಿದಳು:

“ಶಶೀ, ಇದೊಂದು ಆಗಿಹೋಗಲಿ ಅಂತ ನಾನು ಗೋಕರ್ಣನಾಥನಿಗೆ ಹೇಳಿಕೊಂಡಿದ್ದೇನೆ. ನಾನು ಎಷ್ಟು ಹೊತ್ತಿಗೆ ನೀರು ಕುಡಿದೆ ಅಂತ ಯಾರೂ ಬರೆದಿಡದ ಒಂದು ಮನೆಗೆ ಹೋಗಬೇಕು ನಾನು.”

ನಾನು ಅದನ್ನೂ ನೋಟುಬುಕ್ಕಿನಲ್ಲಿ ಬರೆದೆ.

ಹತ್ತು ದಿನ ಬಿಟ್ಟು ಮುಂಬಯಿಯಿಂದ ಒಂದು ಕಾಗದ ಬಂತು. ಅಲ್ಲಿಯ ಒಂದು ಏಜೆನ್ಸಿಗೂ ನಮಗೂ ಒಪ್ಪಂದವಿತ್ತು. ಅವರಿಗೆ ಬಂದ ಮಂಗಳೂರಿನ ವಿಚಾರಣೆಗಳನ್ನು ಅವರು ನಮಗೆ ಒಪ್ಪಿಸುತ್ತಿದ್ದರು. ಹುಡುಗನ ತಾಯಿ ಹೋಗಿ ಹೋಗಿ ಅವರ ಹತ್ತಿರವೇ ಹೋಗಿದ್ದರು. ಕಾಗದದಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಜೆಪ್ಪಿನ ಮನೆಯ ವಿಳಾಸ ಎಲ್ಲ ಸರಿಯಾಗಿತ್ತು. ಅದು ನಮ್ಮದೇ ವಿಳಾಸವೆಂದು ಮುಂಬಯಿಯ ಗುಮಾಸ್ತನಿಗೆ ಹೊಳೆಯಲಿಲ್ಲವೆಂದರೆ ಕ್ಷಮಿಸಬಹುದು. ಬುದ್ಧಿಯಿರುವ ಯಾವ ತಂದೆಯಾದರೂ ಒಂದೋ ಕಾಗದವನ್ನು ಹಿಂದಕ್ಕೆ ಕಳಿಸುತ್ತಿದ್ದ, ಇಲ್ಲವೋ ಬಾಗಿಲು ಹಾಕಿಕೊಂಡು ಎರಡು ಪುಟ ಹೊಗಳಿ ಬರೆಯುತ್ತಿದ್ದ. ಅಪ್ಪ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಎದ್ದು ನಿಂತು, ಸಂಸ್ಥೆಯ ಪರೀಕ್ಷೆಯ ದಿನ ಬಂದಿದೆ ಎಂದು ಕನ್ನಡದಲ್ಲಿ ಘೋಷಿಸಿದರು. ಸ್ವಂತ ಮಗಳೆಂದು ಕೈ ಬಿಗಿಹಿಡಿದರೆ ಇಷ್ಟು ವರ್ಷ ಊರವರ ಮಕ್ಕಳ ಬಗ್ಗೆ ಬರೆದದ್ದಕ್ಕೆ ಏನು ಅರ್ಥ? ಮಾತು ಕೇಳಲು ಚೆನ್ನಾಗಿತ್ತು. ಅದರ ಹಿಂದೆ ಇದ್ದದ್ದು, ಮುಂಬಯಿಯವರು ಓದಿ ಬೆರಗಾಗಬೇಕು ಎಂಬ ಆಸೆ.

ಕ್ರಮದಂತೆ ಸ್ಥಳ ಪರಿಶೀಲನೆಯೂ ಆಗಬೇಕಲ್ಲ. ವಿಠಲಮಾವ ತಾನು ಉಂಡು ಮಲಗುವ ಮನೆಯನ್ನು ನಾಲ್ಕು ದಿನ ಎದುರಿನ ಕ್ಷೌರದಂಗಡಿಯ ಬೆಂಚಿನಿಂದ, ಪೇಪರು ಅಡ್ಡ ಹಿಡಿದು, ಗಮನಿಸಿದರು. ಮಧ್ಯಾಹ್ನ ಊಟಕ್ಕೆ ಒಳಗೆ ಬಂದು, ಕೈ ತೊಳೆದು, ಪುನಃ ಹೋಗಿ ಗಮನಿಸಿದರು. ಐದನೆಯ ದಿನ ನೆರೆಕರೆಯ ವಿಚಾರಣೆ. ಹಸನಾಕನ ಅಂಗಡಿಗೆ ನನ್ನನ್ನೂ ತರಬೇತಿಗೆಂದು ಕರೆದುಕೊಂಡು ಹೋದರು. ಹಸನಾಕ ಬೆಲ್ಲ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

“ಎಂತ ವಿಠಲಣ್ಣ, ನಿಮ್ಮ ಮನೆ ಹೇಗೆ ಅಂತ ನನ್ನ ಹತ್ತಿರ ಕೇಳುವುದಾ? ಬಿಸಿಲು ತಲೆಗೆ ಏರಿತಾ ಹೇಗೆ?”

“ಡ್ಯೂಟಿ ಮಾರಾಯ್ರೆ. ಇದ್ದದ್ದು ಇದ್ದ ಹಾಗೆ ಹೇಳಿ.”

“ಹೇಳ್ತೇನೆ, ಬೇಜಾರು ಮಾಡಬೇಡಿ. ಹುಡುಗಿ ಚಿನ್ನ. ನನ್ನ ಮಗಳ ಅರ್ಜಿಯೆಲ್ಲ ಅವಳೇ ಟೈಪು ಮಾಡಿಕೊಟ್ಟದ್ದು. ಮನೆಯವರು ಮಾತ್ರ… ನಮ್ಮ ಮನೆಗೆ ದುಬೈಯಿಂದ ಅಳಿಯ ಬಂದರೆ ಅವನ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ನಮಗಿಂತ ಮೊದಲು ನಿಮಗೆ ಗೊತ್ತಾಗ್ತದೆ. ಅದನ್ನು ಬರೀರಿ.”

ವಿಠಲಮಾವ ‘ಹುಡುಗಿ ಚಿನ್ನ’ ಎಂದು ಬರೆದುಕೊಂಡು ಪುಸ್ತಕ ಮುಚ್ಚಿದರು.

ರಜೆಯ ನಿಯಮವನ್ನೂ ಮುರಿದು ಭಾನುವಾರ ಊಟದ ಮೇಜಿನಲ್ಲಿ ಕೊರತೆಯ ಸಭೆ. ವಿಚಾರಣೆಗೆ ಒಳಪಟ್ಟವಳು ಹಾಜರಿರಬಾರದೆಂದು ನಳಿನಕ್ಕನನ್ನು ಕುದ್ರೋಳಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ರಿಪೋರ್ಟನ್ನೂ ಈ ಸಲ ಅಪ್ಪನೇ ಎರಡು ಬೆರಳಲ್ಲಿ ಟೈಪು ಮಾಡುವುದೆಂದು ನಿರ್ಧಾರವಾಗಿತ್ತು. ಕೋರಿರೊಟ್ಟಿ ಬಡಿಸಿ ಆಯಿತು. ಕೋಳಿ ಸಾರು ಬಿದ್ದು ರೊಟ್ಟಿ ಮೆತ್ತಗಾಗುವುದನ್ನೂ ಕಾಯದೆ ಅಮ್ಮ ಶುರು ಮಾಡಿದಳು.

“ಅವಳಿಗೆ ನೀರುದೋಸೆ ತೆಳ್ಳಗೆ ಬರುವುದಿಲ್ಲ. ಅದನ್ನೇ ಬರೆದು ಮುಗಿಸಿ ಮಾರಾಯ್ರೆ.”

“ಅದು ಕೊರತೆ ಅಲ್ಲ, ಅಡಿಗೆಯ ವಿಷಯ,” ಅಪ್ಪ ಹೇಳಿದರು. “ಇಷ್ಟು ಸಣ್ಣದನ್ನು ಬರೆದರೆ ದೊಡ್ಡದೇನನ್ನೋ ಮುಚ್ಚಿದ್ದೇವೆ ಅಂತ ತಿಳಿಯುತ್ತಾರೆ.”

“ಕಣ್ಣು, ಭಾವ,” ವಿಠಲಮಾವ ಎಂದರು. “ಪವರು ಎರಡೂವರೆ.”

“ಕನ್ನಡಕ ನಾವು ಕಳಿಸಿದ ಅವಳ ಫೋಟೋದಲ್ಲೇ ಕಾಣ್ತದೆ. ಕಾಣುವುದನ್ನು ಹೇಳಲಿಕ್ಕೆ ನಾವು ಬೇಕಾ?”

“ಹಾಗಾದರೆ ಸಿಟ್ಟು ಅಂತ ಬರೀರಿ,” ಅಮ್ಮ ಎಂದಳು. “ನಿಮ್ಮ ಕಡೆಯದ್ದು. ನಿಮ್ಮ ದೊಡ್ಡಕ್ಕ ನನ್ನ ಮದುವೆಯ ದಿನ ಊಟದ ಎಲೆಯಿಂದ ಎದ್ದು ಹೋದವರಲ್ಲವಾ?”

“ಎದ್ದದ್ದು ಯಾಕೆ? ನಿನ್ನ ತಮ್ಮ ಅವಳಿಗೆ ಬೆನ್ನು ಹಾಕಿ ಕೂತಿದ್ದ.”

“ನಾನು ಪಂಕ್ತಿಯಲ್ಲಿ ಕೂತದ್ದು ಭಾವ! ಪಂಕ್ತಿಯಲ್ಲಿ ಯಾರದ್ದಾದರೂ ಬೆನ್ನು ಇರ್ತದೆ!”

ಅರ್ಧ ಗಂಟೆಯೊಳಗೆ ಎರಡೂ ಕುಟುಂಬಗಳ ಕೊರತೆಗಳು ಮೇಜಿನ ಮೇಲೆ ಬಿದ್ದವು, ನಳಿನಕ್ಕನದ್ದು ಮಾತ್ರ ಒಂದೂ ಇರಲಿಲ್ಲ. ಕೋಳಿ ಸಾರು ಆರಿತು. ಆಗ ನಾನು, ಅದುವರೆಗೆ ಆ ಮೇಜಿನಲ್ಲಿ ಯಾರೂ ಅಭಿಪ್ರಾಯ ಕೇಳದಿದ್ದವಳು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದೆ.

“ನನ್ನ ಹತ್ತಿರ ಒಂದು ಉಂಟು ಅಪ್ಪ.”

ಗುರುವಾರ ಸಂಜೆ ಹಂಪನಕಟ್ಟೆಯಲ್ಲಿ ನನಗೆ ಸಂಗೀತದ ಕ್ಲಾಸು. ನಳಿನಕ್ಕ ನನ್ನನ್ನು ಅಲ್ಲಿ ಬಿಟ್ಟು, ಒಂದು ಗಂಟೆ ಕಳೆದು ಬಂದು ಕರೆದುಕೊಂಡು ಹೋಗುತ್ತಿದ್ದಳು. ಆ ಒಂದು ಗಂಟೆ ಅವಳೆಲ್ಲಿರುತ್ತಾಳೆಂದು ನಾನು ಹೊಟ್ಟೆನೋವಿನ ನೆವ ಹೇಳಿ ಮೂರು ಗುರುವಾರ ಎದ್ದು ಬಂದು ಪತ್ತೆ ಮಾಡಿದ್ದೆ. ನೋಟುಬುಕ್ಕು ತೆರೆದು ಗಟ್ಟಿಯಾಗಿ ಓದಿದೆ: ಮೂಲೆಯ ಐಸ್‌ಕ್ರೀಂ ಅಂಗಡಿ. ನಳಿನಕ್ಕ ಬಾಗಿಲಿಗೆ ಎದುರು ಮುಖ, ನಾನು ರಸ್ತೆಯಾಚೆ ಕಂಬದ ಮರೆಯಲ್ಲಿ. ಒಬ್ಬ ಗಂಡಸು ಬಾಗಿಲಿಗೆ ಬೆನ್ನು. ನೀಲಿ ಚೌಕುಳಿ ಅಂಗಿ. ಎಡ ಹೆಗಲು ಬಲಕ್ಕಿಂತ ಕೆಳಗೆ. ಮುಖ ನೋಡಿಲ್ಲ.

“ಮುಖ ನೋಡಿಲ್ಲ,” ಎಂದು ವಿಠಲಮಾವ ಮೆಚ್ಚಿ ತಲೆಯಾಡಿಸಿದರು.

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಅವಳು ಬರಲಿ. ಯಾರು ಅಂತ ಅವಳನ್ನೇ ಕೇಳುವ.”

“ಹುಡುಗಿಯನ್ನೇ ಕೇಳಿ ಬರೆದರೆ ಅದು ರಿಪೋರ್ಟು ಅಲ್ಲ, ಸರ್ಟಿಫಿಕೇಟು,” ಎಂದರು ಅಪ್ಪ.

“ಹಾಗಾದರೆ ಬರೆಯಬೇಡಿ! ಅವಳು ನಿಮ್ಮ ಮಗಳು, ಯಾರದ್ದೋ ಅಲ್ಲ.”

“ಯಾರದ್ದೋ ಆಗಿದ್ದರೆ ಬರೆಯಬೇಡಿ ಅಂತ ಹೇಳ್ತಿದ್ದೆಯಾ?”

ಅಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಎಷ್ಟೋ ಮನೆಗಳ ವಾರ್ತೆಯನ್ನು ಚಾ ಕೊಟ್ಟು ಹೊರಡಿಸಿದವಳು ಅವಳೇ. ಮಗಳನ್ನು ಗುಟ್ಟಾಗಿ ಕೇಳಬಹುದಿತ್ತು. ಉತ್ತರ ಏನು ಬರುತ್ತದೋ ಎಂಬ ಹೆದರಿಕೆಗೆ ಕೇಳಲಿಲ್ಲ. ಅಪ್ಪ ಆ ಮಧ್ಯಾಹ್ನವೇ ಟೈಪು ಮಾಡಿದರು: ‘ಕೊರತೆ: ಹುಡುಗಿಯು ಗುರುವಾರದ ಸಂಜೆಗಳಲ್ಲಿ ಅಪರಿಚಿತ ಯುವಕನೊಡನೆ ಐಸ್‌ಕ್ರೀಂ ಸೇವಿಸುತ್ತಿರುವುದು ಮೂರು ಬಾರಿ ಕಂಡುಬಂದಿದೆ.’ ಅರಗು ಕರಗಿಸುವಾಗ ನನ್ನ ತಲೆ ಸವರಿದರು. ಆ ಹೆಮ್ಮೆ ನನಗೆ ಎರಡು ವಾರ ಬಾಳಿಕೆ ಬಂತು.

ಶಕ್ತಿನಗರದ ಹೆಂಗಸು ಬಂದದ್ದು ಒಂದು ಬೆಳಿಗ್ಗೆ. ಚಾವಡಿಯಲ್ಲಿ ಕೂತರೂ ಅಮ್ಮ ಕೊಟ್ಟ ಚಾ ಮುಟ್ಟಲಿಲ್ಲ. ಬೇಜಾರು ಮಾಡಬಾರದು, ಫೋಟೋ ವಾಪಸು ಬೇಕಿತ್ತು, ಮುಂಬಯಿಯಲ್ಲಿ ಅತ್ತಿಗೆಗೆ ಏನೋ ರಿಪೋರ್ಟು ಬಂದಿದೆಯಂತೆ, ಹುಡುಗಿ ಯಾರದೋ ಜೊತೆ ತಿರುಗುತ್ತಾಳಂತೆ ಎಂದರು. ಟೈಪ್‌ರೈಟರಿನ ಸದ್ದು ನಿಂತಿತು. ನಳಿನಕ್ಕ ಆಫೀಸಿನ ಕಪಾಟು ತೆರೆದ ಸದ್ದು ಕೇಳಿತು. ಅದರ ಬೀಗದ ಕೈ ಇದ್ದದ್ದು ಅವಳ ಹತ್ತಿರವೇ. ಕಾರ್ಬನ್ ಪ್ರತಿಯನ್ನು ಓದುತ್ತ ಹೊರಗೆ ಬಂದಳು. ಓದಿ ಮುಗಿಸಿ, ಕ್ಯಾಲೆಂಡರಿನಿಂದ ಫೋಟೋ ತೆಗೆದು ನನ್ನ ಮುಂದೆ ಹಿಡಿದಳು.

“ಇವರನ್ನು ನೋಡಿದ್ದೀಯಾ ಶಶೀ?”

“ಇಲ್ಲ.”

ಅವಳು ಫೋಟೋವನ್ನು ತಿರುಗಿಸಿದಳು. ಹಿಂಭಾಗದಲ್ಲಿ ಸ್ಟುಡಿಯೋದ ಮುದ್ರೆ ಬಿಟ್ಟರೆ ಬಿಳಿ ಕಾಗದ.

“ಹೀಗೆ ನೋಡಿದ್ದಿ. ಐಸ್‌ಕ್ರೀಂ ಅಂಗಡಿಯಲ್ಲಿ ಇದ್ದದ್ದು ಇವರೇ.”

ಆಮೇಲೆ ಗೊತ್ತಾದದ್ದು ಇಷ್ಟು. ಒಂದು ವರ್ಷದ ಹಿಂದೆ ಜಯಪ್ರಕಾಶನ ಹೋಟೆಲಿನ ತಿಂಡಿಪಟ್ಟಿಯನ್ನು ನಳಿನಕ್ಕ ಟೈಪು ಮಾಡಿಕೊಟ್ಟಿದ್ದಳು. ಪಟ್ಟಿ ಬೇಗನೆ ಮುಗಿದರೂ ಮಾತು ಮುಗಿಯಲಿಲ್ಲ. ಮಕ್ಕಳು ತಾವೇ ಮಾಡಿಕೊಳ್ಳುವ ಮದುವೆಯನ್ನು ಅವನ ತಾಯಿ ಒಪ್ಪುವವರಲ್ಲ. ಹಾಗಾಗಿ ಅವನು ಶಕ್ತಿನಗರದ ಅತ್ತೆಯ ಕಿವಿಗೆ ಜೆಪ್ಪಿನಲ್ಲಿ ಒಬ್ಬ ಹುಡುಗಿ ಇದ್ದಾಳಂತೆ ಎಂದು ಹಾಕಿ, ಅತ್ತೆಯೇ ತಂದ ಸಂಬಂಧದ ಹಾಗೆ ಮಾಡಿದ್ದ. ಅವರಿಬ್ಬರ ಉಪಾಯದಲ್ಲಿ ಒಂದು ಲೋಪವೂ ಇರಲಿಲ್ಲ, ನಮ್ಮನ್ನು ಬಿಟ್ಟರೆ. ವರ್ಷವಿಡೀ ನಮ್ಮ ಮನೆಯ ಟೈಪಿಸ್ಟು ಪ್ರೇಮದಲ್ಲಿದ್ದಳು. ಪಕ್ಕದ ಕೋಣೆಯಲ್ಲಿದ್ದ ಸಂಸ್ಥೆಗೆ ಅದು ತಿಳಿದಿರಲಿಲ್ಲ. ಮುಖ ಕ್ಯಾಲೆಂಡರಿನಲ್ಲಿತ್ತು, ಬೆನ್ನು ನನ್ನ ನೋಟುಬುಕ್ಕಿನಲ್ಲಿತ್ತು. ಎರಡನ್ನೂ ಸೇರಿಸಿದರೆ ಒಬ್ಬ ಮನುಷ್ಯನಾಗುತ್ತಾನೆಂದು ನಾಲ್ಕು ಪತ್ತೇದಾರರ ಪೈಕಿ ಒಬ್ಬರಿಗೂ ಹೊಳೆಯಲಿಲ್ಲ.

ಶಕ್ತಿನಗರದ ಹೆಂಗಸು ತಲೆ ತಗ್ಗಿಸಿ, ಇದು ತಾನು ಹೇಳುವ ಮಾತಲ್ಲ, ಹುಡುಗನೇ ತಾಯಿಗೆ ಹೇಳಬೇಕು ಎಂದು ಫೋಟೋ ತೆಗೆದುಕೊಂಡು ಹೋದರು. ಅಪ್ಪ ಕಾರ್ಬನ್ ಪ್ರತಿಯನ್ನು ಎರಡು ಸಲ ಓದಿದರು.

“ರಿಪೋರ್ಟಿನಲ್ಲಿ ಒಂದಕ್ಷರ ಸುಳ್ಳಿಲ್ಲ.”

“ಹಾಗಾದರೆ ರಿಪೋರ್ಟಿಗೇ ಮದುವೆ ಮಾಡಿಸಿ,” ಎಂದಳು ಅಮ್ಮ. ನನ್ನ ನೋಟುಬುಕ್ಕು ಅಂದು ಬಚ್ಚಲ ಒಲೆಗೆ ಹೋಯಿತು. ವಿಠಲಮಾವ ಹಂಪನಕಟ್ಟೆಗೆ ಹೋಗಿ, ಜಯಪ್ರಕಾಶನ ಹಿಂದೆ ಒಂದು ಫರ್ಲಾಂಗು ನಡೆದು ಬಂದು, “ಅದೇ ಹೆಗಲು ಭಾವ, ಸಂಶಯ ಇಲ್ಲ” ಎಂದು ವರದಿ ಒಪ್ಪಿಸಿದರು.

ಮೂರನೆಯ ದಿನ ಅಪ್ಪ ಟೈಪ್‌ರೈಟರಿನ ಎದುರು ಬಂದು ನಿಂತರು. ಮೇಲಿನ ಗುಂಡಿ ಹಾಕಿರಲಿಲ್ಲ. ಸಂಸ್ಥೆ ಈವರೆಗೆ ತಿದ್ದುಪಡಿ ಕಳಿಸಿದ್ದಿಲ್ಲ, ಆದರೆ ಕಳಿಸಬಹುದು, ಆ ಯುವಕ ಯಾರೆಂದು ಒಂದು ಸಾಲು ಬರೆದರೆ ಆಯಿತು ಎಂದರು. ಈ ಮಾತು ಅವರು ತುಳುವಿನಲ್ಲೇ ಹೇಳಿದ್ದು.

“ಬೇಡ ಅಪ್ಪ,” ನಳಿನಕ್ಕ ಎಂದಳು. “ಅವರಿಗೆ ಬಾಯಿ ಉಂಟು. ಅವರೇ ಹೇಳಲಿ.”

ಗುರುವಾರ ಅವಳು ನನ್ನನ್ನು ಕ್ಲಾಸಿಗೆ ಬಿಡದೆ ಐಸ್‌ಕ್ರೀಂ ಅಂಗಡಿಗೇ ಕರೆದುಕೊಂಡು ಹೋದಳು. ಮೊದಲ ಸಲ ನಾನು ಬಾಗಿಲಿಗೆ ಬೆನ್ನು ಹಾಕಿ, ಜಯಪ್ರಕಾಶನ ಎದುರು ಕೂತೆ. ಮುಖ ಒಳ್ಳೆಯದಿತ್ತು. ಕಣ್ಣು ಮಾತ್ರ ಕನ್ನಡಿಯ ಕಡೆಗೆ, ಫ್ಯಾನಿನ ಕಡೆಗೆ, ಗಲ್ಲಾದ ಕಡೆಗೆ ಹೋಗುತ್ತಿತ್ತು.

“ಈಗ ಅಮ್ಮನಿಗೆ ಹೇಳಿದರೆ ಎಲ್ಲ ಹಾಳಾಗ್ತದೆ ನಳಿನಿ. ನಾನು ಇಷ್ಟು ದಿನ ಸುಳ್ಳು ಹೇಳಿದೆ ಅಂತ ಆಗ್ತದೆ. ಸ್ವಲ್ಪ ಟೈಮು ಕೊಡು ನನಗೆ.”

“ಹಾಳಾಗಿ ಆಯಿತಲ್ಲ. ಇನ್ನು ಹಾಳಾಗಲಿಕ್ಕೆ ಎಂತ ಉಂಟು?” ಅವಳ ಧ್ವನಿ ಏರಿರಲಿಲ್ಲ. “ಆ ಹುಡುಗ ನಾನೇ ಅಂತ ಹೇಳಬೇಕು. ಒಂದು ಮಾತು. ನಿಮ್ಮಿಂದ ಆಗ್ತದಾ?”

“ಆಗ್ತದೆ. ಮುಂದಿನ ವಾರ.”

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ನಾವಿಬ್ಬರೂ ಎರಡೆರಡು ಐಸ್‌ಕ್ರೀಂ ತಿಂದು ಬಸ್ಸು ಹತ್ತಿದೆವು. ಕಂಡಕ್ಟರು “ಸಿಐಡಿ ಮನೆ” ಎಂದು ಕೂಗಿದಾಗ ಅಕ್ಕ ಎಲ್ಲರಿಗಿಂತ ಮೊದಲು ಇಳಿದಳು. ನಾನು ಅವಳ ಬೆನ್ನನ್ನು ನೋಡಬಾರದೆಂದು ಓಡಿ ಮುಂದೆ ಹೋದೆ. ದೊಡ್ಡವಳಾದ ಮೇಲೆ ನಾನು ಮೂವತ್ತು ವರ್ಷ ಒಂದು ಬ್ಯಾಂಕಿನ ಕೌಂಟರಿನಲ್ಲಿ ಕೂತು, ಎದುರಿಗೆ ಬಂದವರ ಮುಖ ನೋಡಿ, ಬೇಕಾದದ್ದನ್ನು ಅವರನ್ನೇ ಕೇಳಿ ತಿಳಿದುಕೊಂಡೆ. ಆಶ್ಚರ್ಯವೆಂದರೆ ಹೆಚ್ಚಿನವರು ಕೇಳಿದರೆ ಹೇಳುತ್ತಾರೆ.

ಆ ಗುರುವಾರಗಳು ಕಳೆದು ಆರು ತಿಂಗಳ ಮೇಲೆ ಮುಂಬಯಿಯ ಏಜೆನ್ಸಿಯಿಂದ ಮತ್ತೊಂದು ಕಾಗದ ಬಂತು. ವಿಚಾರಣೆ ಬೇಕಾಗಿದ್ದದ್ದು ಕುದ್ರೋಳಿಯ ಒಬ್ಬ ಹುಡುಗಿಯ ಬಗ್ಗೆ. ಹುಡುಗ ಜಯಪ್ರಕಾಶ. ಅಪ್ಪ ಅದನ್ನು ಮೇಜಿನ ಡ್ರಾಯರಿನಲ್ಲಿ ಅಡಗಿಸಿಟ್ಟರು. ನಳಿನಕ್ಕ ಮರುದಿನವೇ ತೆಗೆದು ಹೊರಗಿಟ್ಟಳು. ವಿಠಲಮಾವ ಮೂರು ದಿನ ಹೋಗಿ ಬಂದರು. ಅಪ್ಪ ಕೈಬರಹದಲ್ಲಿ ಕರಡು ಮಾಡಿದರು; ಹುಡುಗಿಗೆ ಹಿಂದೊಮ್ಮೆ ನಿಶ್ಚಿತಾರ್ಥವಾಗಿ ಮುರಿದಿತ್ತೆಂದು ಕೊರತೆಯ ಸಾಲಿನಲ್ಲಿ ಬರೆದಿದ್ದರು. ನಳಿನಕ್ಕ ಕಾರ್ಬನ್ ಹಾಳೆ ಇಟ್ಟು, ಮುಖದಲ್ಲಿ ಏನೂ ತೋರಿಸದೆ ಟೈಪು ಮಾಡಿದಳು. ಅಪ್ಪ ಸಹಿ ಹಾಕಲು ಪೆನ್ನು ತೆರೆದು, ಕೊನೆಯ ಸಾಲಿಗೆ ಬಂದು ನಿಂತರು. ‘ಕೊರತೆ: ಏನೂ ಇಲ್ಲ’ ಎಂದಿತ್ತು. ಅವರು ಅಕ್ಕನ ಮುಖ ನೋಡಿದರು. ಅಕ್ಕ ಅವರ ಮುಖ ನೋಡಿದಳು. ಅಪ್ಪ ಸಹಿ ಹಾಕಿದರು.

ಮಳೆಗಾಲಕ್ಕೆ ಮುಂಚೆ ಆ ಮದುವೆ ನಡೆಯಿತು. ನಳಿನಕ್ಕ ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಏಜೆನ್ಸಿಯನ್ನು ಅವಳೇ ನಡೆಸುತ್ತಿದ್ದಾಳೆ.